ಕಾರವಾರದ ಮಾತು, ಪೇರಾದೆನಿಯದ ಬಣ್ಣ

ಮಾಟುಂಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ



ಈ ವೇದಿಕೆಯಲ್ಲಿ ವಚನದ ಬಗ್ಗೆ, ದಾಸರ ಬಗ್ಗೆ, ನವ್ಯದ ಬಗ್ಗೆ ಮಾತಾಡಿದವರ ಸಾಲೇ ಇದೆ. ನಾನು ಹುಳುವಿನ ಬಗ್ಗೆ ಮಾತಾಡಲು ಬಂದಿದ್ದೇನೆ. ವಿಷಯ ಕೇಳಿದ ಸಂಘಟಕರು ಫೋನಿನಲ್ಲಿ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ನಮ್ಮ ನಾಡಿನ ಪತಂಗಗಳನ್ನು ಶಾಸ್ತ್ರೀಯವಾಗಿ ಜಲವರ್ಣದಲ್ಲಿ ಬರೆಯುವ ಕಲೆ ಇವತ್ತಿನ ವಿಷಯ. ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ನಡುವೆ ಲೋಕಲ್ ಹಿಡಿಯಲು ಎದ್ದು ಹೋಗುವವರಿಗೆ ಅನುಕೂಲವಾಗಲಿ. ಕನ್ನಡ ಕರಾವಳಿಯ ಪತಂಗಗಳ ಬಗ್ಗೆ ಒಂದು ಕಾಲದಲ್ಲಿ ಅಪರೂಪದ ಬರವಣಿಗೆ ಹುಟ್ಟಿತು. ಅದಕ್ಕೆ ಸಮನಾದ ಬಣ್ಣ ಬರಲಿಲ್ಲ. ಆ ಬಾಕಿ ಇನ್ನೂ ತೀರಿಲ್ಲ.

ಕಥೆ ಶುರುವಾಗುವುದು ಇಲ್ಲಿಂದ ಬಹಳ ದೂರದಲ್ಲೇನೂ ಅಲ್ಲ. ಮಾಟುಂಗದಲ್ಲಿ ಭಾವು ದಾಜಿ ರಸ್ತೆಯಲ್ಲಿ ಓಡಾಡದ ಕನ್ನಡಿಗರು ಕಡಿಮೆ. ಆ ಭಾವು ದಾಜಿ ಲಾಡ್ ಅವರ ಹೆಸರನ್ನು ಈಗ ಹೊತ್ತಿರುವ ಬೈಕುಲಾದ ವಸ್ತುಸಂಗ್ರಹಾಲಯ ಆಗ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ ಆಗಿತ್ತು. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಅಲ್ಲಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಎಂಟರಲ್ಲಿ ಇಬ್ಬರು ನಮ್ಮವರೇ, ಡಾಕ್ಟರ್ ಆತ್ಮಾರಾಮ್ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ್ ಅರ್ಜುನ. ಇನ್ನೊಬ್ಬ ಕರ್ನಲ್ ಚಾರ್ಲ್ಸ್ ಸ್ವಿನ್ಹೋ, ಪತಂಗಗಳನ್ನೇ ಬೆನ್ನಟ್ಟಿದ ಸೈನಿಕ. ಮತ್ತೊಬ್ಬ ಸಾತಾರಾದಲ್ಲಿ ಹುಟ್ಟಿದ, ಉಪ್ಪು ಮತ್ತು ಸುಂಕದ ಇಲಾಖೆಯ ನೌಕರ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ‘ಈಹಾ’ ಎಂಬ ಹೆಸರಿನಲ್ಲಿ ಬರೆದ ಅವನ ತಿಳಿಹಾಸ್ಯದ ಪ್ರಬಂಧಗಳನ್ನು ಈಗಲೂ ಓದಬಹುದು. ಮನೆಯ ಇಲಿ, ಇರುವೆ, ಕಾಗೆಗಳ ಬಗ್ಗೆ ಅಷ್ಟು ಸೊಗಸಾಗಿ ಬರೆದವರು ಆ ಕಾಲದ ಅಧಿಕಾರಿಗಳಲ್ಲಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಈ ಏಟ್ಕನ್ ಕೆಲಸದ ಮೇಲೆ ಕಾರವಾರಕ್ಕೆ ಬಂದ. ಉತ್ತರ ಕನ್ನಡ ಜಿಲ್ಲೆ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತಲ್ಲ, ಹಾಗಾಗಿ ಅಲ್ಲಿನ ಹುಳುಗಳ ಯೋಗಕ್ಷೇಮದ ವರದಿಯೂ ಮುಂಬಯಿಗೇ ಬರುತ್ತಿತ್ತು. ಕಾರವಾರದಲ್ಲಿ ಏಟ್ಕನ್‌ಗೆ ಇಬ್ಬರು ಜೊತೆಗಾರರಾದರು. ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್ಸನ್ ಒಬ್ಬ. ಅರಣ್ಯ ಇಲಾಖೆಯ ಥಾಮಸ್ ರೀಡ್ ಡೇವಿಸ್ ಬೆಲ್ ಇನ್ನೊಬ್ಬ, 1863ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. ಕಲೆಕ್ಟರು, ಸುಂಕದವನು, ಕಾಡಿನವನು ಮೂವರೂ ಸೇರಿ ಮಾಡಿದ ಕೆಲಸ ಕಂಬಳಿಹುಳು ಸಾಕಾಣಿಕೆ. ಚಿಟ್ಟೆಗಳ ಮೊಟ್ಟೆ, ಹುಳು, ಕೋಶಗಳನ್ನು ಕುರಿತು ಅವರು ಸೊಸೈಟಿಯ ಜರ್ನಲ್‌ನಲ್ಲಿ 1890ರ ದಶಕದಲ್ಲಿ ಬರೆದ ಲೇಖನಗಳೇ ದಕ್ಷಿಣ ಭಾರತದ ಚಿಟ್ಟೆಗಳ ಬಾಲ್ಯದ ಬಗ್ಗೆ ನಮಗಿರುವ ತಿಳಿವಳಿಕೆಯ ಬುನಾದಿ.

ಡೇವಿಡ್ಸನ್, ಏಟ್ಕನ್ ಇಬ್ಬರೂ ಊರಿಗೆ ಹೋದರು. ಬೆಲ್ ಹೋಗಲಿಲ್ಲ. ಮುಂಬಯಿ ಪ್ರಾಂತ್ಯದ ಮುಖ್ಯ ಅರಣ್ಯಾಧಿಕಾರಿಯಾಗಿ 1920ರಲ್ಲಿ ನಿವೃತ್ತನಾಗಿ ಕಾರವಾರದಲ್ಲೇ ನೆಲೆನಿಂತ. ತೀರಿಕೊಂಡದ್ದು 1948ರಲ್ಲಿ. ಅಷ್ಟರಲ್ಲಿ ಬ್ರಿಟಿಷರೇ ಹೊರಟುಹೋಗಿದ್ದರು. 1937ರಲ್ಲಿ ಮೇಜರ್ ಸ್ಕಾಟ್ ಜೊತೆ ಸೇರಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಪತಂಗಗಳ ಐದನೆಯ ಸಂಪುಟ ತಂದ. ಅದು ಪೂರ್ತಿ ಸ್ಫಿಂಜಿಡೇ ಎಂಬ ಒಂದೇ ಕುಟುಂಬದ ಮೇಲಿನ ಗ್ರಂಥ. ಗಿಡುಗನ ಹಾಗೆ ವೇಗವಾಗಿ ಹಾರುವ, ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಮಕರಂದ ಹೀರುವ ದಪ್ಪ ಮೈಯ ಪತಂಗಗಳಿವು.

ಆ ಪುಸ್ತಕ ತೆರೆದರೆ ಹುಳುವಿನ ವರ್ಣನೆ ಪುಟಗಟ್ಟಲೆ ಹರಿಯುತ್ತದೆ. ತಲೆಯ ಆಕಾರ ಹೇಗೆ, ಚರ್ಮ ನುಣುಪೋ ತರಿಯೋ, ಯಾವ ಖಂಡದ ಮೇಲೆ ಯಾವ ಬಣ್ಣದ ಪಟ್ಟೆ, ಉಸಿರುರಂಧ್ರದ ಸುತ್ತ ಯಾವ ಅಂಚು, ಬಾಲದ ಕೊಂಬು ನೆಟ್ಟಗೋ ಡೊಂಕೋ, ಎಲೆಯ ಮೇಲ್ಭಾಗದಲ್ಲಿ ಕೂರುತ್ತದೋ ಅಡಿಯಲ್ಲೋ, ಮುಟ್ಟಿದರೆ ಏನು ಮಾಡುತ್ತದೆ, ಕೋಶ ಕಟ್ಟಲು ಮಣ್ಣಿಗಿಳಿಯುತ್ತದೋ ತರಗೆಲೆಯಲ್ಲೇ ಸೇರಿಕೊಳ್ಳುತ್ತದೋ. ಫಲಕಗಳೂ ಇವೆ. ಆದರೆ ಪುಸ್ತಕದ ಜೀವ ಇರುವುದು ಮಾತಿನಲ್ಲಿ. ಓದುತ್ತಿದ್ದರೆ ಒಬ್ಬ ಮನುಷ್ಯ ಬಣ್ಣದ ಪೆಟ್ಟಿಗೆ ಕೈಯಲ್ಲಿಲ್ಲದ ತಾಪವನ್ನೆಲ್ಲ ವಿಶೇಷಣಗಳಲ್ಲಿ ತೀರಿಸಿಕೊಂಡ ಹಾಗೆ ತೋರುತ್ತದೆ. ಹಸಿರಿನ ಹತ್ತು ಛಾಯೆಗೆ ಹತ್ತು ಪದ ಹುಡುಕುವುದು ಸುಲಭವಲ್ಲ.

ಅಷ್ಟು ಮಾತು ಯಾಕೆ ಬೇಕಾಯಿತು? ಇಲ್ಲೇ ವಿಷಯದ ತಿರುಳಿದೆ. ಪತಂಗ ಸತ್ತರೂ ರೆಕ್ಕೆಯ ಬಣ್ಣ ಬಹುಮಟ್ಟಿಗೆ ಉಳಿಯುತ್ತದೆ. ಸೂಜಿಗೆ ಚುಚ್ಚಿ, ಹಲಗೆಯ ಮೇಲೆ ರೆಕ್ಕೆ ಹರಡಿ, ನುಸಿಗುಳಿಗೆ ಹಾಕಿಟ್ಟರೆ ನೂರು ವರ್ಷದ ನಂತರವೂ ಗುರುತು ಸಿಗುತ್ತದೆ. ಹುಳುವಿಗೆ ಆ ಭಾಗ್ಯವಿಲ್ಲ. ಸ್ಪಿರಿಟ್ಟಿನಲ್ಲಿ ಹಾಕಿದ ಕೆಲವೇ ದಿನಗಳಲ್ಲಿ ಹಸಿರು, ನೀಲಿ, ಗುಲಾಬಿ ಎಲ್ಲ ಬಿಟ್ಟುಹೋಗಿ ಬೇಯಿಸಿದ ಶಾವಿಗೆಯ ಬಣ್ಣಕ್ಕೆ ಬರುತ್ತದೆ. ಹಿಂದಿನವರು ಹುಳುವಿನ ಒಳಗನ್ನು ಹಿಂಡಿ ತೆಗೆದು, ಚರ್ಮಕ್ಕೆ ಗಾಳಿ ಊದಿ, ಬಿಸಿಯಲ್ಲಿ ಒಣಗಿಸಿ ಇಡುತ್ತಿದ್ದರು. ಅದರಲ್ಲೂ ಆಕಾರ ಉಬ್ಬಿ ಕೆಡುತ್ತಿತ್ತು. ರೆಕ್ಕೆಯಲ್ಲೂ ಎಲ್ಲ ಬಣ್ಣ ನಂಬುವಂತಿಲ್ಲ. ಗೇಣು ಹಾಕಿ ನಡೆಯುವ ಹುಳುಗಳಿಂದ ಬರುವ ಪಚ್ಚೆ ಪತಂಗಗಳ ಹಸಿರು, ತೇವ ತಗುಲಿದರೆ ಹಳದಿಯೋ ಕಂದೋ ಆಗುತ್ತದೆ. ಫೋಟೋ ಕಪ್ಪು ಬಿಳುಪಾಗಿದ್ದ ಕಾಲದಲ್ಲಿ ಜೀವಂತ ಹುಳುವಿನ ಬಣ್ಣವನ್ನು ಉಳಿಸಲು ಎರಡೇ ದಾರಿ, ಮಾತು ಅಥವಾ ಕುಂಚ.

ಕಾರವಾರಕ್ಕೆ ಮಾತು ಒದಗಿತು. ಕುಂಚ ಒದಗಿದ್ದು ಸಿಂಹಳದ ಪೇರಾದೆನಿಯಕ್ಕೆ. ಅಲ್ಲಿನ ಸಸ್ಯೋದ್ಯಾನದಲ್ಲಿ ಹರ್ಮಾನಿಸ್ ದ ಅಲ್ವಿಸ್ ಸೆನೆವಿರತ್ನ ಎಂಬ ಸಿಂಹಳೀಯ ದಶಕಗಳ ಕಾಲ ಗಿಡಗಳ ಚಿತ್ರ ಬರೆದ. ಅವನ ಮಕ್ಕಳಾದ ವಿಲಿಯಂ ಮತ್ತು ಜಾರ್ಜ್, ಉದ್ಯಾನದ ನಿರ್ದೇಶಕ ಥ್ವೇಟ್ಸ್‌ನ ಉಸ್ತುವಾರಿಯಲ್ಲಿ, ದ್ವೀಪದ ಚಿಟ್ಟೆ ಪತಂಗಗಳ ಹುಳು ಮತ್ತು ಕೋಶಗಳನ್ನು ಜೀವಂತ ಮಾದರಿ ನೋಡಿ ಬಣ್ಣದಲ್ಲಿ ಬರೆದರು. ಲಂಡನ್ನಿನ ಫ್ರೆಡರಿಕ್ ಮೂರ್ 1880ರಿಂದ 1887ರ ತನಕ ಮೂರು ಸಂಪುಟಗಳಲ್ಲಿ ತಂದ ‘ಲೆಪಿಡಾಪ್ಟೆರಾ ಆಫ್ ಸಿಲೋನ್’ ಈ ಚಿತ್ರಗಳ ಮೇಲೆ ನಿಂತಿದೆ. ಇನ್ನೂರಕ್ಕೂ ಹೆಚ್ಚು ಫಲಕಗಳು. ನಮ್ಮ ಸಹ್ಯಾದ್ರಿಯಲ್ಲೂ ಕಾಣುವ ದೈತ್ಯ ಅಟ್ಲಾಸ್ ಪತಂಗ, ಅಟಾಕಸ್ ತಪ್ರೊಬಾನಿಸ್, ಹೆಸರು ಪಡೆದದ್ದು ಇದೇ ಮೂರ್‌ನಿಂದ, ಸಿಂಹಳದ ಮಾದರಿಯಿಂದ. ಘಟ್ಟದ ಕಾಡು, ಸಿಂಹಳದ ಕಾಡು ಎರಡಕ್ಕೂ ಎಷ್ಟೋ ಹುಳುಗಳು ಸಮಾನ. ಹಾಗಾಗಿ ಜೋಗದ ಬಳಿ ಸಿಕ್ಕ ಹುಳುವನ್ನು ಗುರುತಿಸಲು ಸಿಂಹಳೀಯ ಅಣ್ಣತಮ್ಮಂದಿರು ಬರೆದ ಹಾಳೆ ತಿರುವುವ ಪರಿಸ್ಥಿತಿ ಇವತ್ತಿಗೂ ಇದೆ. ನನಗೆ ಅದರಲ್ಲಿ ನಾಚಿಕೆಯೇನಿಲ್ಲ, ಸ್ವಲ್ಪ ಹೊಟ್ಟೆಕಿಚ್ಚು ಇದೆ.

ನಮ್ಮಲ್ಲಿ ಕುಂಚ ಹಿಡಿಯುವವರೇ ಇರಲಿಲ್ಲವೇ? ಇದ್ದರು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಕಾರನಿಂದ ಅಲ್ಲಿನ ಗಿಡಗಳನ್ನು ಬರೆಸಿದ. ಆ ಹಾಳೆಗಳು ಈಗ ಎಡಿನ್‌ಬರೋದಲ್ಲಿವೆ, ಕ್ಲೆಗಾರ್ನ್‌ನ ಹೆಸರಿನಲ್ಲಿ. ಕುಂಚ ಹಿಡಿದವನು ‘ಮರಾಠಿ ಚಿತ್ರಕಾರ’ ಆಗಿಯೇ ಉಳಿದ. ಪುಣೆಯ ಹತ್ತಿರ ದಾಪುರಿಯ ಸಸ್ಯೋದ್ಯಾನದಲ್ಲೂ ಅದೇ ಕಾಲದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಹೀಗೇ ಚಿತ್ರ ಬರೆಸಿದ. ಅಲ್ಲೂ ಬರೆಸಿದವನ ಹೆಸರು ಗೊತ್ತು, ಬರೆದವನದು ಇಲ್ಲ. ದ ಅಲ್ವಿಸ್ ಕುಟುಂಬದ ಹೆಸರು ಉಳಿದದ್ದು ಆ ಕಾಲಕ್ಕೆ ದೊಡ್ಡ ಅಪವಾದ. ಗಿಡಕ್ಕೆ ಚಿತ್ರಕಾರ ಸಿಕ್ಕ, ಹುಳುವಿಗೆ ಸಿಗಲಿಲ್ಲ ಎಂಬುದಕ್ಕೆ ಒಂದು ಸರಳ ಕಾರಣ ಇರಬಹುದು. ಗಿಡ ಔಷಧಿ, ಮರ, ಆದಾಯ. ಹುಳುವಿಗೆ ಸರ್ಕಾರದ ಹಣ ಬಂದದ್ದು ಅದು ಬೆಳೆ ತಿನ್ನತೊಡಗಿದ ಮೇಲೆ. 1909ರಲ್ಲಿ ಬಿಹಾರದ ಪೂಸಾದಿಂದ ಮ್ಯಾಕ್ಸ್‌ವೆಲ್ ಲೆಫ್ರಾಯ್‌ನ ‘ಇಂಡಿಯನ್ ಇನ್ಸೆಕ್ಟ್ ಲೈಫ್’, 1914ರಲ್ಲಿ ಮದ್ರಾಸಿನಿಂದ ಬೇನ್‌ಬ್ರಿಗ್ ಫ್ಲೆಚರ್‌ನ ದಕ್ಷಿಣ ಭಾರತದ ಕೀಟಗಳ ಪುಸ್ತಕ, ಎರಡರಲ್ಲೂ ಒಳ್ಳೆಯ ಬಣ್ಣದ ಫಲಕಗಳಿವೆ. ಭತ್ತ, ಹತ್ತಿ, ಹರಳು ತಿನ್ನುವ ಹುಳುಗಳಿಗೆ ಅಲ್ಲಿ ರಾಜಮರ್ಯಾದೆ. ಯಾರ ಬೆಳೆಯನ್ನೂ ತಿನ್ನದ ಹುಳು ಹೊರಗೇ ಉಳಿಯಿತು.

ಶಾಸ್ತ್ರೀಯ ಚಿತ್ರ ಎಂದರೇನು ಎಂಬ ಮಾತಿಗೆ ಬರೋಣ. ಇಲ್ಲಿ ಎರಡು ಪಂಥಗಳಿವೆ. ಒಂದು ಮರಿಯಾ ಸಿಬಿಲ್ಲಾ ಮೇರಿಯನ್‌ಳದು. ಜರ್ಮನಿಯಲ್ಲಿ ಹುಟ್ಟಿದ ಈ ಹೆಂಗಸು 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಮಗಳನ್ನು ಕಟ್ಟಿಕೊಂಡು ಆಮ್‌ಸ್ಟರ್‌ಡ್ಯಾಮಿನಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. 1705ರಲ್ಲಿ ಅವಳು ತಂದ ಗ್ರಂಥದ 60 ಫಲಕಗಳಲ್ಲಿ ಪತಂಗ ಒಂಟಿಯಾಗಿಲ್ಲ. ಗಿಡ, ತಿಂದ ಎಲೆಯ ತೂತು, ಹುಳು, ಕೋಶ, ರೆಕ್ಕೆ ಬಿಚ್ಚಿದ ಪತಂಗ ಎಲ್ಲ ಒಂದೇ ಹಾಳೆಯಲ್ಲಿ. ಹುಳು ಕೊಳೆತದ್ದರಿಂದ ತಾನಾಗಿ ಹುಟ್ಟುತ್ತದೆ ಎಂದು ಅನೇಕರು ನಂಬಿದ್ದ ಕಾಲವದು. ಕೆಲವು ಕಡೆ ಅವಳು ಒಂದರ ಹುಳುವಿಗೆ ಇನ್ನೊಂದರ ಪತಂಗವನ್ನು ಗಂಟುಹಾಕಿದ್ದೂ ಉಂಟು. ಆದರೂ ದಾರಿ ತೋರಿಸಿದವಳು ಅವಳೇ.

ಎರಡನೆಯದು ಪೆಟ್ಟಿಗೆಯ ಪಂಥ. ರೆಕ್ಕೆ ಹರಡಿದ ಸತ್ತ ಮಾದರಿ, ಬಿಳಿ ಹಿನ್ನೆಲೆ, ಮುಂದಿನ ರೆಕ್ಕೆಯ ಹಿಂಬದಿಯ ಅಂಚು ಮೈಗೆ ಲಂಬಕೋನದಲ್ಲಿ, ಪಕ್ಕದಲ್ಲಿ ಅಳತೆಯ ಗೆರೆ. ಹೋಲಿಸಿ ನೋಡಲು ಇದೇ ಅನುಕೂಲ. ಇದರ ಕಟ್ಟಾ ರೂಪ ಬೇಕಾದರೆ ಜಾರ್ಜ್ ಹ್ಯಾಂಪ್ಸನ್‌ನ ‘ಫಾನಾ’ ಮಾಲೆಯ ಪತಂಗಗಳ ಮೊದಲ ನಾಲ್ಕು ಸಂಪುಟ ನೋಡಬೇಕು, 1892ರಿಂದ 1896ರ ತನಕ ಬಂದವು. ನೀಲಗಿರಿಯಲ್ಲಿ ಚಹಾ ತೋಟ ಮಾಡಲು ಬಂದು ಪತಂಗದ ಗೀಳು ಹಚ್ಚಿಕೊಂಡು ವಾಪಸಾದವನು ಈತ. ಅವನ ಪುಸ್ತಕದಲ್ಲಿ ಬಣ್ಣವಿಲ್ಲ. ಕಪ್ಪು ಗೆರೆಯ ಅಚ್ಚು, ಅದೂ ಅರ್ಧ ಪತಂಗ. ಎಡಕ್ಕೂ ಬಲಕ್ಕೂ ವ್ಯತ್ಯಾಸವಿಲ್ಲದ ಮೇಲೆ ಇನ್ನರ್ಧಕ್ಕೆ ಜಾಗ ಯಾಕೆ ದಂಡ ಎಂಬ ಲೆಕ್ಕ. ಚಿತ್ರಕಾರನೂ ಈ ಲೆಕ್ಕ ಬಳಸುತ್ತಾನೆ. ಒಂದು ಬದಿಯನ್ನು ಅಳೆದು ಬರೆದು, ಟ್ರೇಸಿಂಗ್ ಹಾಳೆ ಮಗುಚಿ ಇನ್ನೊಂದು ಬದಿಗೆ ಇಳಿಸುತ್ತಾನೆ.

ಪೆಟ್ಟಿಗೆಯ ಚಿತ್ರಕ್ಕೆ ನನ್ನ ತಕರಾರು ಒಂದಿದೆ. ಜೀವಂತ ಪತಂಗ ಹಾಗೆ ಕೂರುವುದೇ ಇಲ್ಲ. ಯೂಡೊಸಿಮಾ ಎಂಬ ಹಣ್ಣು ಚುಚ್ಚುವ ಪತಂಗವನ್ನು ನೋಡಿ. ಇದರ ಹುಳು ಬೆಳೆಯುವುದು ನಮ್ಮ ಅಮೃತಬಳ್ಳಿಯ ಮೇಲೆ. ಕೂತಾಗ ಮುಂದಿನ ರೆಕ್ಕೆ ಒಣಗಿದ ಎಲೆಯಂತೆ, ನಡುವೆ ನರ ಸಮೇತ. ಬೆದರಿದರೆ ಕೆಳಗಿನ ರೆಕ್ಕೆಯ ಕಿತ್ತಳೆ, ಅದರ ಮೇಲಿನ ಕಪ್ಪು ಫಕ್ಕನೆ ಹೊರಗೆ ಬರುತ್ತವೆ. ಪೆಟ್ಟಿಗೆಯಲ್ಲಿ ಎರಡೂ ಒಟ್ಟಿಗೆ ತೆರೆದಿರುವುದರಿಂದ ಆ ಬಚ್ಚಿಡುವಿಕೆಯೇ ಕಾಣೆಯಾಗುತ್ತದೆ. ಒಳ್ಳೆಯ ಹಾಳೆಯಲ್ಲಿ ಎರಡೂ ಭಂಗಿ ಇರಬೇಕು.

ನಿಮ್ಮ ಕಣ್ಣೆದುರಿನ ಉದಾಹರಣೆಗೆ ಬರುತ್ತೇನೆ. ಮಾಟುಂಗದಲ್ಲಿ ದೇವಸ್ಥಾನದ ಅಂಗಳ, ವಸತಿ ಸೊಸೈಟಿಯ ಕಾಂಪೌಂಡು ಎಲ್ಲಿ ನೋಡಿದರೂ ನಂದಿಬಟ್ಟಲು. ನೆರೆಯ ಮರಾಠಿಗರು ತಗರ ಎನ್ನುತ್ತಾರೆ. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯುವಾಗ ಗಿಡದ ತುದಿ ಬೋಳಾಗಿದ್ದು, ಬುಡದಲ್ಲಿ ಮೆಣಸಿನ ಕಾಳಿನ ಗಾತ್ರದ ಹಿಕ್ಕೆ ಕಂಡರೆ ಮೇಲೆ ನೋಡಿ. ಕಣಗಿಲೆ ಪತಂಗದ ಹುಳು ಅಲ್ಲಿರುತ್ತದೆ. ಡಾಫ್ನಿಸ್ ನೀರಿಯೈ ಎಂದು ಅದರ ಶಾಸ್ತ್ರೀಯ ಹೆಸರು. ಕಣಗಿಲೆಯ ವಿಷವನ್ನೂ ಜೀರ್ಣಿಸಿಕೊಳ್ಳುವ ಗಟ್ಟಿಪಿಂಡ.

ಎಳೆಯ ಹುಳು ತಿಳಿಹಳದಿ ಬೆರೆತ ಹಸಿರು, ಬಾಲದಲ್ಲಿ ಕೂದಲೆಳೆಯಂಥ ಉದ್ದ ಕಪ್ಪು ಕೊಂಬು. ಪೊರೆ ಬಿಡುತ್ತ ಹೋದಂತೆ ಕೊಂಬು ಗಿಡ್ಡವಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ ಕೆಳಗೆ ಬಾಗುತ್ತದೆ. ಬೆರಳಿನಷ್ಟು ಬೆಳೆದಾಗ ಎದೆಯ ಮೂರನೆಯ ಖಂಡದ ಮೇಲೆ ಎರಡು ಕಣ್ಣುಗಳು. ನಿಜವಾದ ಕಣ್ಣಲ್ಲ, ಕಪ್ಪು ಅಂಚಿನ ನೀಲಿ, ನಡುವೆ ಬಿಳಿ. ಮೈಯ ಎರಡೂ ಬದಿ ಒಂದು ಬಿಳಿ ಪಟ್ಟೆ, ಅದರ ಸುತ್ತ ಬಿಳಿ ಚುಕ್ಕೆಗಳ ಸಂತೆ. ತಲೆ ತಗ್ಗಿಸಿದಾಗ ಮುಂಭಾಗ ಉಬ್ಬಿ ಆ ಕಣ್ಣುಗಳು ದೊಡ್ಡದಾಗುತ್ತವೆ. ಗುಬ್ಬಿಗೆ ಏನನಿಸುತ್ತದೋ, ಮೊದಲ ಸಲ ನೋಡಿದ ಮನುಷ್ಯ ಕೈ ಹಿಂತೆಗೆಯುತ್ತಾನೆ. ಕೋಶ ಕಟ್ಟುವ ಹೊತ್ತಿಗೆ ಇಡೀ ಬೆನ್ನು ಕಂದುಬಣ್ಣಕ್ಕೆ ತಿರುಗಿ, ಹುಳು ಗಿಡ ಇಳಿದು ತರಗೆಲೆಯಲ್ಲಿ ಮರೆಯಾಗುತ್ತದೆ. ಇಷ್ಟನ್ನೂ ಬರೆಯಬೇಕೆಂದರೆ ಒಂದು ಹುಳುವಿನ ಚಿತ್ರ ಸಾಲದು, ಪ್ರತಿ ಪೊರೆಗೂ ಒಂದು ಚಿತ್ರ ಬೇಕು.

ಬರೆಯಲು ಕೂತವರ ಕಷ್ಟ ಬೇರೆ. ಹುಳುಗಳ ಸುಗ್ಗಿ ಮಳೆಗಾಲ. ಮುಂಬಯಿಯ ಜುಲೈ ಎಂದರೆ ಗೋಡೆಯೇ ಬೆವರುವ ತಿಂಗಳು. ಜಲವರ್ಣದಲ್ಲಿ ಒಂದು ತೆಳು ಲೇಪ ಒಣಗಿದ ಮೇಲೆಯೇ ಇನ್ನೊಂದು, ಅದು ಒಣಗುವುದೇ ಇಲ್ಲ. ಹಾಳೆ ತೇವ ಹೀರಿ ಅಲೆ ಎದ್ದಿರುತ್ತದೆ. ಕಳೆದ ವರ್ಷದ ಹಾಳೆಗೆ ಬೂಷ್ಟು. ಇತ್ತ ಹುಳು ಕಾಯುವುದಿಲ್ಲ, ತಿನ್ನುತ್ತಲೇ ನಡೆಯುತ್ತದೆ, ನಾಳೆ ಪೊರೆ ಬಿಟ್ಟು ಬೇರೆಯೇ ಆಗಿರುತ್ತದೆ. ಹಾಗಾಗಿ ರೂಢಿಯವರು ಮೊದಲು ಪೆನ್ಸಿಲ್ಲಿನಲ್ಲಿ ಆಕಾರ ಹಿಡಿದು, ಹಾಳೆಯ ಅಂಚಿನಲ್ಲಿ ಬಣ್ಣದ ಮಾದರಿ ಹಚ್ಚಿ ಗುರುತು ಬರೆದುಕೊಳ್ಳುತ್ತಾರೆ. ಉಳಿದದ್ದು ಒಣ ದಿನಕ್ಕೆ. ನುಣುಪು ಮೈಯ ದಪ್ಪ ಹಾಳೆ, ಮೂರು ಸೊನ್ನೆಯ ಕುಂಚ, ಬೆಳಕು ಎಡಮೇಲ್ಗಡೆಯಿಂದ ಎಂಬ ಕಟ್ಟುಪಾಡು. ಟ್ಯೂಬಿನ ಕಪ್ಪನ್ನು ಯಾರೂ ನೇರ ಹಚ್ಚುವುದಿಲ್ಲ, ಅದು ಹಾಳೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಸುಟ್ಟ ಅಂಬರ್ ಬೆರೆಸಿದರೆ ಉಸಿರಾಡುವ ಕಪ್ಪು ಬರುತ್ತದೆ.

ಫೋನಿನ ಕ್ಯಾಮೆರಾ ಇರುವಾಗ ಇದೆಲ್ಲ ಯಾಕೆ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುವವರಿದ್ದಾರೆ. ಕೇಳಲಿ. ಫೋಟೋದಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಸಂಜಯ ಗಾಂಧಿ ಉದ್ಯಾನದ ಅಂಚಿನಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ರಾತ್ರಿಯೆಲ್ಲ ಪತಂಗ ಎಣಿಸುವ ಹುಡುಗ ಹುಡುಗಿಯರು ನಮ್ಮ ಊರಿನಲ್ಲಿದ್ದಾರೆ. ಮುಂಬಯಿ ಕನ್ನಡಿಗರ ರಾತ್ರಿ ಶಾಲೆಗಳ ಹಾಗೆ ಇದು, ಹಗಲಿನವರಿಗೆ ಗೊತ್ತಾಗದೆ ನಡೆಯುವ ದೊಡ್ಡ ವಿದ್ಯಾಭ್ಯಾಸ. ಪತಂಗ ದೀಪಕ್ಕೆ ಮರುಳಾಗಿ ಬೀಳುತ್ತದೆ ಎಂದು ನಮ್ಮ ಕವಿಗಳು ಹಾಡಿದ್ದರು. 2024ರಲ್ಲಿ ಬಂದ ಅಧ್ಯಯನವೊಂದು ಹೇಳುವುದೇ ಬೇರೆ. ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತದೆ, ಆಕಾಶ ಮೇಲಿರುವ ಲೆಕ್ಕದಲ್ಲಿ. ದೀಪ ಪಕ್ಕದಲ್ಲೋ ಕೆಳಗೋ ಇದ್ದಾಗ ದಿಕ್ಕುಗೆಟ್ಟು ಸುತ್ತುತ್ತದೆ. ಪ್ರೇಮವೂ ಇಲ್ಲ, ಆತ್ಮಾಹುತಿಯೂ ಇಲ್ಲ. ಕವಿಗಳು ಕ್ಷಮಿಸಬೇಕು.

ಆದರೆ ಫೋಟೋ ಒಂದು ಜೀವಿಯ ಒಂದು ಗಳಿಗೆ. ಉಜ್ಜಿಹೋದ ರೆಕ್ಕೆ, ಮುರಿದ ಮೀಸೆ, ಫ್ಲಾಶಿನ ಮಿಂಚು ಎಲ್ಲ ಅದರಲ್ಲಿ ಸೇರುತ್ತದೆ. ತಲೆಬುರುಡೆಯ ಗುರುತು ಹೊತ್ತ ಅಕೆರಾಂಟಿಯಾ ಪತಂಗದ ಹುಳುವನ್ನು ತೆಗೆದುಕೊಳ್ಳಿ. ಒಂದೇ ಜಾತಿಯಲ್ಲಿ ಹಸಿರು, ಹಳದಿ, ಕಂದು ಮೂರೂ ಬಣ್ಣದ ಹುಳುಗಳಿವೆ. ಚಿತ್ರಕಾರ ಮೂರನ್ನೂ ಒಂದೇ ಭಂಗಿಯಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಬೆಳಕಿನಲ್ಲಿ ಪಕ್ಕಪಕ್ಕ ಇಡಬಲ್ಲ. ಹತ್ತು ಮಾದರಿ ನೋಡಿ, ಯಾವುದು ಜಾತಿಯ ಲಕ್ಷಣ, ಯಾವುದು ಆ ಒಂದರ ಗಾಯ ಎಂದು ತೀರ್ಮಾನಿಸಿ ಬರೆಯಬಲ್ಲ. ಆ ತೀರ್ಮಾನವೇ ವಿಜ್ಞಾನ. ಹಾಗೆಂದು ಚಿತ್ರಕ್ಕೂ ಮಿತಿ ಇದೆ. ಭಾರತದ ಹತ್ತು ಸಾವಿರದಷ್ಟು ಪತಂಗ ಜಾತಿಗಳಲ್ಲಿ ಎಷ್ಟೋ ಜೋಡಿಗಳನ್ನು ರೆಕ್ಕೆ ನೋಡಿ ಬೇರ್ಪಡಿಸಲು ಸಾಧ್ಯವೇ ಇಲ್ಲ, ಸೂಕ್ಷ್ಮದರ್ಶಕದಡಿ ಜನನಾಂಗ ಬಿಡಿಸಿ ನೋಡಬೇಕು. ಅಲ್ಲಿ ಬಣ್ಣ ಬೇಡ, ಮಸಿಯ ಗೆರೆ ಸಾಕು.

ಇದು ಪೂರ್ಣಾವಧಿ ಪಂಡಿತರ ಕೆಲಸ ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ನ್ಯೂಜಿಲೆಂಡಿನ ಜಾರ್ಜ್ ವರ್ನನ್ ಹಡ್ಸನ್ ವೆಲ್ಲಿಂಗ್ಟನ್ನಿನ ಅಂಚೆ ಇಲಾಖೆಯ ನೌಕರ. ಆಫೀಸು ಬಿಟ್ಟ ಮೇಲೆ ತನ್ನ ದೇಶದ ಪತಂಗಗಳನ್ನು ಹಿಡಿದು, ತಾನೇ ಬಣ್ಣ ಹಚ್ಚಿ, 1928ರಲ್ಲಿ ದೊಡ್ಡ ಗ್ರಂಥವನ್ನೇ ತಂದ. ಸಂಜೆ ಬೆಳಕು ಸಾಲದೆಂದು 1895ರಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನೇ ಎರಡು ಗಂಟೆ ಮುಂದಿಡಬೇಕೆಂದು ಸೂಚಿಸಿದವನೂ ಇವನೇ. ಎಷ್ಟೋ ದೇಶಗಳು ಇವತ್ತು ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವುದರ ಹಿಂದೆ ಒಬ್ಬ ಗುಮಾಸ್ತನ ಹುಳುವಿನ ಹುಚ್ಚೂ ಇದೆ. ವಿರಾರ್ ಲೋಕಲ್ಲಿನಲ್ಲಿ ನಿಂತು ಬರುವ ನಮ್ಮ ಗುಮಾಸ್ತರಿಗೆ ಆ ಎರಡು ಗಂಟೆ ಯಾರು ಕೊಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಭಾನುವಾರವಂತೂ ಇದೆ.

ನನ್ನ ಸಲಹೆ ಹೀಗಿದೆ. ಬೆಲ್ ಮತ್ತು ಸ್ಕಾಟ್ ಅವರ ಸಂಪುಟ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಉತ್ತರ ಕನ್ನಡದ ಹುಳುಗಳ ವರ್ಣನೆಯನ್ನು ಕನ್ನಡಕ್ಕೆ ತಂದು, ಎದುರು ಪುಟದಲ್ಲಿ ಅದೇ ಹುಳುವನ್ನು ಅದರ ಗಿಡದ ಮೇಲೆ ಜಲವರ್ಣದಲ್ಲಿ ಬರೆಸಬೇಕು. ಮಾತನ್ನು ನೋಡಿ ಬರೆಯುವುದಲ್ಲ, ಹುಳುವನ್ನು ಸಾಕಿ ಬರೆಯುವುದು. ಬೆಲ್ ಕೊಟ್ಟ ಆಹಾರ ಸಸ್ಯದ ಹೆಸರುಗಳೇ ದಾರಿಯ ಗುರುತು. ಅವನ ಮಾತಿಗೂ ಹುಳುವಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲೊಂದು ಟಿಪ್ಪಣಿ. ಕಾರವಾರ, ಶಿರಸಿ, ಯಲ್ಲಾಪುರದ ಶಾಲೆಗಳ ಡ್ರಾಯಿಂಗ್ ಮೇಷ್ಟ್ರು, ಇಲ್ಲಿಯ ಜೆ. ಜೆ. ಕಲಾಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಸೇರಿದರೆ ಆಗುವ ಕೆಲಸ. ಪ್ರತಿ ಹಾಳೆಯ ಕೆಳಗೆ ತಾರೀಖು, ಊರು, ಗಿಡದ ಹೆಸರು, ಹುಳುವಿನ ಉದ್ದ, ಬರೆದವರ ಹೆಸರು. ಕೊನೆಯದನ್ನು ದಪ್ಪಕ್ಷರದಲ್ಲೇ ಹಾಕಿ, ಶಿವಮೊಗ್ಗದ ಆ ಮರಾಠಿ ಚಿತ್ರಕಾರನ ಗತಿ ಇನ್ನೊಬ್ಬರಿಗೆ ಬರುವುದು ಬೇಡ.

ಆರಂಭಕ್ಕೆ ಘಟ್ಟ ಹತ್ತುವ ಅಗತ್ಯವಿಲ್ಲ. ಈ ಮಳೆಗಾಲ ನಂದಿಬಟ್ಟಲಿನಿಂದಲೇ ಶುರುಮಾಡಬಹುದು. ಹುಳುವನ್ನು ಜರಡಿ ಮುಚ್ಚಿದ ಡಬ್ಬಿಯಲ್ಲಿಟ್ಟು ದಿನವೂ ಹೊಸ ಎಲೆ ಹಾಕಿ, ಕೊಯ್ದ ಕಡೆ ಒಸರುವ ಬಿಳಿ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಬಣ್ಣದ ಪೆಟ್ಟಿಗೆಯಲ್ಲಿ ಅಪಾರದರ್ಶಕ ಬಿಳಿಯೂ ಇರಲಿ. ಜಲವರ್ಣದ ಮಡಿವಂತರು ಬಿಳಿ ಎಂದರೆ ಹಾಳೆಯ ಬಿಳುಪೇ ಆಗಬೇಕು, ಟ್ಯೂಬಿನ ಬಿಳಿ ಮೈಲಿಗೆ ಎನ್ನುತ್ತಾರೆ. ಆ ಹುಳುವಿನ ಬದಿಯ ಚುಕ್ಕೆಗಳನ್ನು ಒಮ್ಮೆ ಎಣಿಸಿ ನೋಡಿದವರು ಹಾಗೆ ಹೇಳುವುದಿಲ್ಲ.